ಲಾ ಸ್ಕೂಲ್ ಕ್ಲಿನಿಕ್ಕೋ, ಸೇವಾ ಸಂಸ್ಥೆಯೋ, ಫರ್ಮೋ? ಇಮಿಗ್ರೇಶನ್ ವಕೀಲರಿಗೆ ಒಂದು ಹೋಲಿಕೆ

ಊರಿಗೆ ಫೋನ್ ಮಾಡಿ "ಕ್ಲಿನಿಕ್‌ನಲ್ಲಿ ಕೆಲಸ ಸಿಕ್ತಮ್ಮ" ಅಂದಾಗ ಅಮ್ಮ ಮೊದಲು ಕೇಳಿದ್ದು, "ಲಾಯರಿಗೆ ಆಸ್ಪತ್ರೇಲಿ ಏನೇ ಕೆಲಸ?" ಪ್ರಶ್ನೆಯಲ್ಲಿ ತಪ್ಪೇನಿರಲಿಲ್ಲ. ಆ ಹೆಸರು ಬಂದಿದ್ದೇ ಮೆಡಿಕಲ್ ಕಾಲೇಜಿನಿಂದ. ಅಲ್ಲಿ ವಿದ್ಯಾರ್ಥಿಗಳು ವಾರ್ಡಿನಲ್ಲಿ ನಿಜವಾದ ರೋಗಿಯನ್ನು ನೋಡುತ್ತಾ ಕಲಿಯುತ್ತಾರೆ. ಅಮೆರಿಕದ ಲಾ ಸ್ಕೂಲ್ ಕ್ಲಿನಿಕ್‌ನಲ್ಲಿ ವಿದ್ಯಾರ್ಥಿಗಳು ನಿಜವಾದ ಕಕ್ಷಿದಾರರ ಕೇಸು ನಡೆಸುತ್ತಾ ಕಲಿಯುತ್ತಾರೆ. ಅವರ ಪಕ್ಕದಲ್ಲಿ ಕೂತು ಕಲಿಸುವ, ಕೊನೆಗೆ ಕೇಸಿನ ಜವಾಬ್ದಾರಿ ಹೊರುವ ವಕೀಲರೇ ಟೀಚಿಂಗ್ ಅಟಾರ್ನಿ. ನಾನು ನಾಲ್ಕು ವರ್ಷ ಒಂದು ಸೇವಾ ಸಂಸ್ಥೆಯಲ್ಲಿ (ದುಡ್ಡಿಲ್ಲದವರ ಕೇಸು ನಡೆಸುವ, ಲಾಭಕ್ಕಲ್ಲದ ಸಂಸ್ಥೆ) ಗಡೀಪಾರು ಕೇಸುಗಳನ್ನು ನಡೆಸಿ ಈ ಕೆಲಸಕ್ಕೆ ಬಂದೆ. ಈಗ ಆರು ವರ್ಷವಾಯಿತು.

ವರ್ಷಕ್ಕೆ ನಾಲ್ಕೈದು ಕನ್ನಡದ ಹುಡುಗ ಹುಡುಗಿಯರು ಫೋನ್ ಮಾಡುತ್ತಾರೆ. ಕೆಲವರು ಬೆಂಗಳೂರಿನಲ್ಲೋ ಧಾರವಾಡದಲ್ಲೋ ಕಾನೂನು ಓದಿ, ಇಲ್ಲಿ ಎಲ್‌ಎಲ್‌ಎಂ ಮಾಡಿ, ವಕೀಲಿಯ ಲೈಸೆನ್ಸಿಗೆ ಬೇಕಾದ ಬಾರ್ ಪರೀಕ್ಷೆ ಪಾಸಾದವರು. ಕೆಲವರು ಇಲ್ಲೇ ಹುಟ್ಟಿ ಬೆಳೆದವರು. ಪ್ರಶ್ನೆ ಒಂದೇ: "ಅಕ್ಕಾ, ಕ್ಲಿನಿಕ್‌ಗೆ ಅರ್ಜಿ ಹಾಕ್ಲಾ, ಇಲ್ಲ ಫರ್ಮ್‌ಗೆ ಹೋಗ್ಲಾ?" ಫೋನಿನಲ್ಲಿ ಅರ್ಧ ಗಂಟೆಯಲ್ಲಿ ಮುಗಿಯುವ ಮಾತಲ್ಲ ಇದು. ಅದಕ್ಕೇ ಬರೆದಿಡುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ಸಂಬಳ, ಹೆಸರು, ರಜೆ ಎಲ್ಲ ಆಮೇಲಿನ ವಿಷಯ. ಈ ಆಯ್ಕೆಗಳ ನಡುವೆ ನಿಜವಾದ ವ್ಯತ್ಯಾಸ ಒಂದೇ: ಕೇಸು ಯಾರ ಕೈಯಲ್ಲಿರುತ್ತದೆ? ಸೇವಾ ಸಂಸ್ಥೆಯಲ್ಲಿ, ಫರ್ಮಿನಲ್ಲಿ ಅದು ನಿಮ್ಮ ಕೈಯಲ್ಲಿ. ಕ್ಲಿನಿಕ್‌ನಲ್ಲಿ ಅದು 24 ವರ್ಷದ, ಹಿಂದೆಂದೂ ಕೋರ್ಟು ನೋಡಿರದ ವಿದ್ಯಾರ್ಥಿಯ ಕೈಯಲ್ಲಿ. ನಿಮ್ಮ ಕೈ ಸುಮ್ಮನಿರಬೇಕು. ಸುಮ್ಮನಿದ್ದರೂ ಎಚ್ಚರವಾಗಿರಬೇಕು. ಇದು ಆಗುತ್ತದಾ ಅನ್ನುವುದೇ ಪ್ರಶ್ನೆ.

ವಕೀಲರಿಲ್ಲದ ಕೋರ್ಟು

ನಮ್ಮ ಕೆಲಸ ಯಾಕೆ ಬೇಕು ಅನ್ನುವುದು ಗೊತ್ತಿರಲಿ. ಅಮೆರಿಕದಲ್ಲಿ ಕಳ್ಳತನದ ಕೇಸಿನಲ್ಲಿ ಜೈಲು ಶಿಕ್ಷೆಯ ಭಯವಿದ್ದು, ಕೈಯಲ್ಲಿ ದುಡ್ಡಿಲ್ಲದಿದ್ದರೆ ಸರ್ಕಾರವೇ ವಕೀಲರನ್ನು ಕೊಡುತ್ತದೆ. ಇಮಿಗ್ರೇಶನ್ ಕೋರ್ಟಿನಲ್ಲಿ ಹಾಗಿಲ್ಲ. ವಕೀಲರನ್ನು ಇಟ್ಟುಕೊಳ್ಳುವ ಹಕ್ಕಿದೆ, ಆದರೆ ಸರ್ಕಾರದ ಖರ್ಚಿನಲ್ಲಿ ಅಲ್ಲ ಎಂದು ಕಾನೂನೇ ಹೇಳುತ್ತದೆ. ಮಕ್ಕಳಿಗೂ ಅದೇ. 2015ರಲ್ಲಿ ಬಂದ ಒಂದು ರಾಷ್ಟ್ರಮಟ್ಟದ ಅಧ್ಯಯನದ ಪ್ರಕಾರ ಗಡೀಪಾರು ಕೇಸಿನಲ್ಲಿದ್ದವರ ಪೈಕಿ 37% ಜನರಿಗೆ ಮಾತ್ರ ವಕೀಲರಿದ್ದರು. ಬಂಧನದಲ್ಲಿದ್ದವರಲ್ಲಿ 14% ಮಾತ್ರ. 2024ರ ಕೊನೆಯ ಹೊತ್ತಿಗೆ ಈ ಕೋರ್ಟುಗಳಲ್ಲಿ ಬಾಕಿ ಇದ್ದ ಕೇಸುಗಳು 35 ಲಕ್ಷ ದಾಟಿದ್ದವು.

ಇನ್ನೊಂದು ಅಧ್ಯಯನ ನನಗೆ ಬಾಯಿಪಾಠವಾಗಿದೆ. 2007ರಲ್ಲಿ ಜಯಾ ರಾಮ್‌ಜಿ-ನೊಗಾಲೆಸ್, ಆಂಡ್ರ್ಯೂ ಶೋನ್‌ಹೋಲ್ಟ್ಸ್, ಫಿಲಿಪ್ ಶ್ರಾಗ್ ಎಂಬ ಮೂವರು ಪ್ರಾಧ್ಯಾಪಕರು ಆಶ್ರಯ ಕೋರಿಕೆಯ (ಅಸೈಲಮ್, ಅಂದರೆ ತಮ್ಮ ದೇಶದಲ್ಲಿ ಹಿಂಸೆಯ ಭಯ ಇರುವವರು ಇಲ್ಲಿ ರಕ್ಷಣೆ ಕೇಳುವುದು) ತೀರ್ಪುಗಳನ್ನು ಲೆಕ್ಕ ಹಾಕಿದರು. ವಕೀಲರಿಲ್ಲದೆ ಬಂದವರಲ್ಲಿ ಗೆದ್ದವರು 16.3%. ವಕೀಲರಿದ್ದವರಲ್ಲಿ 45.6%. ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಕ್ಲಿನಿಕ್ ನಡೆಸಿದ ಕೇಸುಗಳಲ್ಲಿ 89%. ಆ ಕೇಸುಗಳನ್ನು ನಡೆಸಿದವರು ಅನುಭವಿ ವಕೀಲರಲ್ಲ, ವಿದ್ಯಾರ್ಥಿಗಳು! ಕ್ಲಿನಿಕ್‌ಗಳು ಕೇಸು ಆರಿಸಿಕೊಳ್ಳುತ್ತವೆ ಅನ್ನುವುದೂ ನಿಜ, ಅದನ್ನು ಮರೆಯಬಾರದು. ಆದರೆ ದೊಡ್ಡ ಕಾರಣ ಸಮಯ. ಇಬ್ಬರು ವಿದ್ಯಾರ್ಥಿಗಳು ಒಂದು ಸೆಮಿಸ್ಟರಿನಲ್ಲಿ ಒಂದೇ ಕೇಸಿನ ಹಿಂದೆ ಬಿದ್ದಿರುತ್ತಾರೆ. ನಾನು ಸೇವಾ ಸಂಸ್ಥೆಯಲ್ಲಿದ್ದಾಗ ನನ್ನ ಹೆಸರಿನಲ್ಲಿ 63 ಫೈಲುಗಳಿದ್ದವು.

ನಮ್ಮೂರಿನ ರೀತಿ, ಇಲ್ಲಿನ ರೀತಿ

ಕರ್ನಾಟಕದಲ್ಲಿ ಓದಿದವರಿಗೆ ಈ ಹುದ್ದೆಯೇ ಹೊಸದು. ನಮಗೆ ಪಾಠ ಮಾಡಿದ ಮೇಷ್ಟ್ರುಗಳು ಕೋರ್ಟಿಗೆ ಹೋಗುತ್ತಿರಲಿಲ್ಲ. ಬಾರ್ ಕೌನ್ಸಿಲ್ ನಿಯಮ 49ರ ಪ್ರಕಾರ ಪೂರ್ತಿ ಸಂಬಳದ ಕೆಲಸದಲ್ಲಿರುವವರು ವಕೀಲಿ ಮಾಡುವಂತಿಲ್ಲ. 1995ರ ನಿಯಮದಂತೆ ವಕೀಲರು ದಿನಕ್ಕೆ ಮೂರು ಗಂಟೆಯವರೆಗೆ ಪಾಠ ಹೇಳಬಹುದು, ಅಷ್ಟೇ. ಹೀಗಾಗಿ ಕಲಿಸುವವರು ಒಂದು ಕಡೆ, ಕೇಸು ನಡೆಸುವವರು ಇನ್ನೊಂದು ಕಡೆ. ಕೆಲಸ ಕಲಿಯುವುದು ಪದವಿ ಆದಮೇಲೆ, ಸೀನಿಯರ್ ಆಫೀಸಿನಲ್ಲಿ ಫೈಲು ಹೊತ್ತು, ವಾಯಿದೆ ತಗೊಂಡು, ಪಾಟೀಸವಾಲು ನೋಡುತ್ತಾ ನಿಂತು. ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನಲ್ಲಿ ನಾನೂ ಹಾಗೇ ಒಂದು ವರ್ಷ ನಿಂತಿದ್ದೆ. ಅಲ್ಲಿ ಕಲಿತದ್ದು ಇವತ್ತಿಗೂ ಕೈ ಹಿಡಿಯುತ್ತದೆ.

ಇಲ್ಲಿ ತದ್ವಿರುದ್ಧ. ಲಾ ಸ್ಕೂಲಿನ ಎರಡನೇ ವರ್ಷದ ವಿದ್ಯಾರ್ಥಿ ಸೆಮಿಸ್ಟರಿನ ಮೊದಲ ವಾರವೇ ಕಕ್ಷಿದಾರರ ಎದುರು ಕೂರುತ್ತಾರೆ. ಮೇಲ್ವಿಚಾರಣೆಗೆ ಪ್ರಾಧ್ಯಾಪಕರೋ ವಕೀಲರೋ ಇದ್ದರೆ, ಕಕ್ಷಿದಾರರಿಂದ ದುಡ್ಡು ತೆಗೆದುಕೊಳ್ಳದಿದ್ದರೆ, ವಿದ್ಯಾರ್ಥಿಗಳು ಇಮಿಗ್ರೇಶನ್ ಕೋರ್ಟಿನಲ್ಲಿ ಅನುಮತಿ ಪಡೆದು ವಾದಿಸಬಹುದು ಎಂದು ಫೆಡರಲ್ ನಿಯಮವೇ ಇದೆ. ಇಂಥ ಕಲಿಕೆಗೆ 1968ರಲ್ಲಿ ಫೋರ್ಡ್ ಫೌಂಡೇಶನ್ ದೊಡ್ಡ ಮಟ್ಟದಲ್ಲಿ ದುಡ್ಡು ಹಾಕತೊಡಗಿತು. ಹಾರ್ವರ್ಡ್‌ನ ಇಮಿಗ್ರೇಶನ್ ಕ್ಲಿನಿಕ್ 1984ರಲ್ಲಿ ಶುರುವಾಯಿತು. 2014ರಲ್ಲಿ ಅಮೆರಿಕನ್ ಬಾರ್ ಅಸೋಸಿಯೇಶನ್ ಪ್ರತಿ ಕಾನೂನು ವಿದ್ಯಾರ್ಥಿಗೂ ಆರು ಕ್ರೆಡಿಟ್‌ಗಳಷ್ಟು ಪ್ರಾಯೋಗಿಕ ಕಲಿಕೆ ಕಡ್ಡಾಯ ಎಂದು ನಿಯಮ ತಂದಿತು. ಅಲ್ಲಿಂದ ಕ್ಲಿನಿಕ್ ಅನ್ನುವುದು ಲಾ ಸ್ಕೂಲಿಗೆ ಬೇಕೇ ಬೇಕಾದ ವಿಭಾಗ. ನಿಮ್ಮ ಕೆಲಸದ ಭದ್ರತೆಗೆ ಇದು ಮುಖ್ಯ, ನೆನಪಿಟ್ಟುಕೊಳ್ಳಿ.

ಟೀಚಿಂಗ್ ಅಟಾರ್ನಿಯ ವಾರ ಹೀಗಿರುತ್ತದೆ: ಒಂದೆರಡು ತರಗತಿ, ಪ್ರತಿ ಜೋಡಿಯ ಜೊತೆ ಒಂದು ಗಂಟೆಯ ಭೇಟಿ, ಎಲ್ಲರೂ ಕೂತು ಕೇಸುಗಳನ್ನು ಚರ್ಚಿಸುವ ರೌಂಡ್ಸ್ (ಇದೂ ಆಸ್ಪತ್ರೆಯ ಪದವೇ), ಮತ್ತೆ ರಾತ್ರಿ ಡ್ರಾಫ್ಟುಗಳ ಓದು. ಒಂದೇ ಅಫಿಡವಿಟ್ಟಿನ ಒಂಬತ್ತನೇ ಡ್ರಾಫ್ಟನ್ನು ಮೊದಲನೆಯದರಷ್ಟೇ ಗಮನವಿಟ್ಟು ಓದಬೇಕು.

ತಪ್ಪು ಕಾಣಿಸಿದಾಗ

ಒಂದು ಉದಾಹರಣೆ ಹೇಳುತ್ತೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಇಥಿಯೋಪಿಯಾದ ಒಬ್ಬ ಹೆಂಗಸು, ಆಶ್ರಯ ಕೋರಿಕೆ. ಅಫಿಡವಿಟ್ಟಿನಲ್ಲಿ ವಿದ್ಯಾರ್ಥಿಗಳು ಬರೆದಿದ್ದರು: ಪೊಲೀಸರು ಮನೆಗೆ ನುಗ್ಗಿದ್ದು 2009ರಲ್ಲಿ. ಆಕೆ ದೇಶ ಬಿಟ್ಟದ್ದು 2017ರಲ್ಲಿ. ಸರ್ಕಾರಿ ವಕೀಲರ ಪಾಟೀಸವಾಲು ನನ್ನ ಕಿವಿಯಲ್ಲಿ ಆಗಲೇ ಕೇಳಿಸುತ್ತಿತ್ತು: "ಅಷ್ಟು ಭಯ ಇದ್ದರೆ ಎಂಟು ವರ್ಷ ಯಾಕೆ ಅಲ್ಲೇ ಇದ್ರಿ?"

ಇಥಿಯೋಪಿಯಾದ ಪಂಚಾಂಗದಲ್ಲಿ ಹದಿಮೂರು ತಿಂಗಳು. ನಮ್ಮ ಕ್ಯಾಲೆಂಡರಿಗಿಂತ ಅದು ಏಳೆಂಟು ವರ್ಷ ಹಿಂದೆ ಇದೆ. ಆಕೆ ಹೇಳಿದ್ದು ಅವರ ಲೆಕ್ಕದ 2009. ನಮ್ಮ ಲೆಕ್ಕದಲ್ಲಿ ಅದು 2016ರ ಸೆಪ್ಟೆಂಬರಿನಿಂದ 2017ರ ಸೆಪ್ಟೆಂಬರಿನವರೆಗೆ. ನನಗೆ ಓದಿದ ಕ್ಷಣವೇ ಗೊತ್ತಾಯಿತು. ಸೇವಾ ಸಂಸ್ಥೆಯಲ್ಲಿದ್ದಿದ್ದರೆ ಪೆನ್ನು ತಗೊಂಡು ತಿದ್ದಿ ಮುಂದಿನ ಫೈಲಿಗೆ ಹೋಗುತ್ತಿದ್ದೆ. ಹತ್ತು ಸೆಕೆಂಡಿನ ಕೆಲಸ.

ತಿದ್ದಲಿಲ್ಲ. ಕೋರ್ಟಿಗೆ ಸಲ್ಲಿಸಲು ಇನ್ನೂ ಮೂರು ವಾರ ಇತ್ತು, ಅದನ್ನು ಮೊದಲು ನೋಡಿಕೊಂಡೆ. ಆಮೇಲೆ ಒಂದೇ ಪ್ರಶ್ನೆ ಕೇಳಿದೆ: "ಆ ವರ್ಷ ಆ ಊರಲ್ಲಿ ಏನು ನಡೀತಿತ್ತು ಅಂತ ನೋಡಿದ್ರಾ?" ಎರಡು ದಿನ ಇಬ್ಬರೂ ದೇಶದ ಸ್ಥಿತಿಗತಿಯ ವರದಿಗಳನ್ನು ಓದಿದರು. ಒರೊಮೊ ಜನರ ಪ್ರತಿಭಟನೆ ಜೋರಾಗಿದ್ದು, ತುರ್ತು ಪರಿಸ್ಥಿತಿ ಹೇರಿದ್ದು 2016ರ ಅಕ್ಟೋಬರಿನಲ್ಲಿ. ಆಕೆ ಹೇಳುವ ಮಾತೆಲ್ಲ ಆ ವರ್ಷಕ್ಕೆ ಹೊಂದುತ್ತದೆ, 2009ಕ್ಕೆ ಹೊಂದುವುದೇ ಇಲ್ಲ. ಮೂರನೇ ದಿನ ಬೆಳಿಗ್ಗೆ ಇಬ್ಬರೂ ನನ್ನ ಬಾಗಿಲಲ್ಲಿ ನಿಂತಿದ್ದರು. ಮುಖದಲ್ಲಿ ಗಾಬರಿ, ಖುಷಿ ಎರಡೂ ಇತ್ತು. ತಕ್ಷಣ ಆಕೆಯನ್ನು ಕರೆಸಿ, ಅಂಹಾರಿಕ್ ಬಲ್ಲ ದುಭಾಷಿಯ ಜೊತೆ ಪ್ರತಿ ತಾರೀಕನ್ನೂ ಹೊಸದಾಗಿ ಕೇಳಿ ಬರೆದುಕೊಂಡರು. ನನಗೆ ಕಾಣದೇ ಹೋಗಿದ್ದ ಇನ್ನೂ ಎರಡು ತಾರೀಕು ತಪ್ಪಾಗಿದ್ದದ್ದು ಆಗ ಸಿಕ್ಕಿತು. ನಾನೇ ಮೊದಲ ದಿನ ತಿದ್ದಿದ್ದರೆ ಅವು ಹಾಗೇ ಕೋರ್ಟಿಗೆ ಹೋಗುತ್ತಿದ್ದವು.

ನನ್ನ ಅಜ್ಜಿ ತನ್ನ ಮಕ್ಕಳ ಹುಟ್ಟಿದ ದಿನವನ್ನು "ಆ ದೊಡ್ಡ ಮಳೆ ಬಂದ ವರ್ಷ, ಆಷಾಢದಲ್ಲಿ" ಅಂತಲೇ ಹೇಳುತ್ತಿದ್ದರು. ಆ ಲೆಕ್ಕ ಗೊತ್ತಿರುವ ನಮ್ಮಂಥವರಿಗೆ ಇದು ಬೇಗ ಹೊಳೆಯುತ್ತದೆ. ಆದರೆ ನನಗೆ ಹೊಳೆದರೆ ಸಾಲದು, ಅವರಿಗೆ ಹೊಳೆಯಬೇಕು. ಎಷ್ಟು ಕಾಯಬಹುದು, ಯಾವಾಗ ಕೈ ಹಾಕಬೇಕು ಅನ್ನುವ ಲೆಕ್ಕಾಚಾರವೇ ಈ ಕೆಲಸದ ಮುಕ್ಕಾಲು ಪಾಲು. ಕಕ್ಷಿದಾರರಿಗೆ ತೊಂದರೆ ಆಗುವ ಸಾಧ್ಯತೆ ಇದ್ದರೆ ಒಂದು ನಿಮಿಷವೂ ಕಾಯುವ ಹಾಗಿಲ್ಲ. ಕಲಿಕೆ ಯಾವತ್ತೂ ಅವರ ತಲೆಯ ಮೇಲೆ ನಡೆಯಬಾರದು.

ಕನ್ನಡ ಮಾತಾಡಿದ ದಿನ

ಇದಕ್ಕಿಂತ ಕಷ್ಟವಾದದ್ದು ಇನ್ನೊಂದು. ಎಚ್-4 ವೀಸಾದಲ್ಲಿದ್ದ (ಎಚ್-1ಬಿ ಕೆಲಸದ ವೀಸಾದಲ್ಲಿ ಬಂದವರ ಮನೆಯವರಿಗೆ ಸಿಗುವ ವೀಸಾ) ಒಬ್ಬ ಕನ್ನಡತಿ, ಗಂಡನ ಹೊಡೆತ ತಾಳಲಾರದೆ ಮನೆ ಬಿಟ್ಟು ಬಂದಿದ್ದರು. ಎಚ್-1ಬಿ ನೌಕರರ ಹೆಂಡತಿ ಅಥವಾ ಗಂಡ ಇಂಥ ಹಿಂಸೆಗೆ ಒಳಗಾದರೆ ಕೆಲಸದ ಪರವಾನಗಿಗೆ ತಾವೇ ಅರ್ಜಿ ಹಾಕಬಹುದು. 2017ರಿಂದ ಅದಕ್ಕೇ ಬೇರೆ ಫಾರಂ ಇದೆ, ಐ-765ವಿ. ನಮ್ಮವರಲ್ಲಿ ಬಹಳ ಜನಕ್ಕೆ ಇದು ಗೊತ್ತೇ ಇಲ್ಲ, ಗೊತ್ತಿದ್ದವರು ದಯವಿಟ್ಟು ನಾಲ್ಕು ಜನಕ್ಕೆ ಹೇಳಿ.

ಮೊದಲ ಭೇಟಿಯಲ್ಲಿ ವಿದ್ಯಾರ್ಥಿನಿ ಇಂಗ್ಲಿಷಿನಲ್ಲಿ ಚೆನ್ನಾಗಿಯೇ ಮಾತು ಶುರು ಮಾಡಿದಳು. ಆಕೆ ನನ್ನ ಹೆಸರು ಕೇಳಿ, ನನ್ನ ಕಡೆ ತಿರುಗಿ, "ನೀವು ನಮ್ಮ ಕಡೆಯವರಾ?" ಅಂದರು. "ಹೌದು, ಮೈಸೂರು" ಅಂದೆ. ಅಷ್ಟೇ. ಮುಂದಿನ ಇಪ್ಪತ್ತು ನಿಮಿಷ ಆಕೆ ಅಳುತ್ತಾ ನನ್ನ ಜೊತೆಗೇ ಮಾತಾಡಿದರು. ಪಕ್ಕದಲ್ಲಿ ವಿದ್ಯಾರ್ಥಿನಿಯ ನೋಟ್‌ಬುಕ್ ಖಾಲಿ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕೇಸನ್ನು ನಾನೇ ತಗೊಂಡರೆ ಆಕೆಗೆ ಸಮಾಧಾನ. ಆದರೆ ನನ್ನ ಬಳಿ ಆಗ ಎಂಟು ವಿದ್ಯಾರ್ಥಿಗಳು, ಐದು ಕೇಸು. ಇದಕ್ಕೆ ಬೇಕಾದಷ್ಟು ಗಂಟೆ ಕೊಡಲು ನನ್ನಿಂದ ಆಗುತ್ತಿರಲಿಲ್ಲ. ಆ ಹುಡುಗಿಯ ಹತ್ತಿರ ಗಂಟೆಗಳಿದ್ದವು. ಮಾರನೇ ವಾರ ಫೋನಿನಲ್ಲಿ ಕನ್ನಡದ ದುಭಾಷಿಯನ್ನು ಗೊತ್ತು ಮಾಡಿದೆವು. ನಾನು ಆಕೆಗೆ ಕನ್ನಡದಲ್ಲೇ ಹೇಳಿದೆ: "ನಾನು ಎಲ್ಲೂ ಹೋಗಲ್ಲ, ಪ್ರತಿ ಸಲ ಇದೇ ಕುರ್ಚೀಲಿ ಇರ್ತೀನಿ. ಆದ್ರೆ ನಿಮ್ಮ ವಕೀಲೆ ಇವಳು." ಎರಡನೇ ಭೇಟಿಯಲ್ಲಿ ಆಕೆ ಆಗಾಗ ನನ್ನ ಕಡೆ ನೋಡುತ್ತಿದ್ದರು. ನಾಲ್ಕನೆಯ ಭೇಟಿಗೆ ಬರುವಾಗ ವಿದ್ಯಾರ್ಥಿನಿಗೆ ಅಂತ ಡಬ್ಬಿಯಲ್ಲಿ ಚಿತ್ರಾನ್ನ ತಂದಿದ್ದರು.

ನಾನು ಮಾಡಿದ್ದು ಸರಿಯಾ ಅಂತ ಈಗಲೂ ಯೋಚಿಸುತ್ತೇನೆ. ಸೇವಾ ಸಂಸ್ಥೆಯಲ್ಲಿದ್ದಿದ್ದರೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ನಮ್ಮ ಭಾಷೆಯ ಜನಕ್ಕೆ ನೇರವಾಗಿ ನೆರವಾಗಬೇಕು ಅನ್ನುವುದೇ ನಿಮ್ಮ ಮೊದಲ ಆಸೆಯಾಗಿದ್ದರೆ, ಕ್ಲಿನಿಕ್ ನಿಮ್ಮ ಜಾಗ ಅಲ್ಲ.

ಉಳಿದ ದಾರಿಗಳು

ಸೇವಾ ಸಂಸ್ಥೆಗಳ ಬಗ್ಗೆ ನನಗೆ ತುಂಬ ಗೌರವ. ಕೋರ್ಟಿನಲ್ಲಿ ನಿಲ್ಲುವುದನ್ನು ಕಲಿಯಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಎರಡು ವರ್ಷದಲ್ಲಿ ನೀವು ನೋಡುವ ಕೇಸುಗಳನ್ನು ಕ್ಲಿನಿಕ್‌ನಲ್ಲಿ ಹತ್ತು ವರ್ಷವಾದರೂ ನೋಡುವುದಿಲ್ಲ. ನ್ಯೂಯಾರ್ಕ್ ನಗರದಲ್ಲಿ 2013ರಿಂದ ಬಂಧನದಲ್ಲಿರುವ ವಲಸಿಗರಿಗೆ ಸಾರ್ವಜನಿಕ ದುಡ್ಡಿನಲ್ಲೇ ವಕೀಲರನ್ನು ಕೊಡುವ ಯೋಜನೆ ಇದೆ. ಹೊಸಬರಿಗಾಗಿ ಇಮಿಗ್ರಂಟ್ ಜಸ್ಟಿಸ್ ಕೋರ್ ಎಂಬ ಎರಡು ವರ್ಷದ ಫೆಲೋಶಿಪ್ ಇದೆ, 2014ರಲ್ಲಿ ಶುರುವಾದದ್ದು. ಕಷ್ಟ ಎರಡು. ಮೊದಲನೆಯದು ದಣಿವು. ವಾರಕ್ಕೆ ಮೂರು ಹಿಯರಿಂಗ್, ದಿನವೂ ಯಾರದೋ ನೋವಿನ ಕಥೆ. ಎರಡನೆಯದು ಹಣ. ಅನುದಾನ ನಿಂತರೆ ಕೆಲಸ ನಿಲ್ಲುತ್ತದೆ. 2025ರ ಮಾರ್ಚಿನಲ್ಲಿ, ಒಂಟಿಯಾಗಿ ಬಂದ ಮಕ್ಕಳಿಗೆ ವಕೀಲರನ್ನು ಕೊಡುವ ಫೆಡರಲ್ ಹಣವನ್ನು ಕಡಿದಾಗ ದೇಶದ ತುಂಬ ಎಷ್ಟೋ ಸಂಸ್ಥೆಗಳು ಒದ್ದಾಡಿದವು.

ಫರ್ಮ್‌ಗಳಲ್ಲಿ ಎರಡು ಜಾತಿ. ಕಂಪನಿಗಳ ಪರ ಎಚ್-1ಬಿ, ಗ್ರೀನ್ ಕಾರ್ಡಿಗೆ ಬೇಕಾದ ಪರ್ಮ್, ಐ-140 ಅರ್ಜಿಗಳನ್ನು ಮಾಡುವವು ನಮ್ಮವರಿಗೆಲ್ಲ ಗೊತ್ತು. ಮಾರ್ಚ್ ಬಂತೆಂದರೆ ಎಚ್-1ಬಿ ಲಾಟರಿಯ (ಮಿತಿಗಿಂತ ಹೆಚ್ಚು ಅರ್ಜಿ ಬಂದಾಗ ಚೀಟಿ ಎತ್ತಿದ ಹಾಗೆ ಆರಿಸುವುದು) ಗಡಿಬಿಡಿ. ಸಂಬಳ ಜಾಸ್ತಿ, ಕೆಲಸ ಅಚ್ಚುಕಟ್ಟು, ಕೋರ್ಟಿಗೆ ಹೋಗುವುದು ಅಪರೂಪ. ಗಡೀಪಾರು ಕೇಸು ತೆಗೆದುಕೊಳ್ಳುವ ಸಣ್ಣ ಫರ್ಮ್‌ಗಳು ಬೇರೆ. ಅಲ್ಲಿ ಕೋರ್ಟಿನ ಕೆಲಸ ಬೇಕಾದಷ್ಟು, ಆದರೆ ಫೀಸು ಕೊಡಲಾಗದವರನ್ನು ಬಾಗಿಲಲ್ಲೇ ವಾಪಸು ಕಳಿಸಬೇಕಾಗುತ್ತದೆ. ನನ್ನಿಂದ ಅದು ಆಗಲಿಲ್ಲ. ಮಾಡುವವರನ್ನು ತಪ್ಪು ಅನ್ನುವುದಿಲ್ಲ, ಅವರೂ ಬಾಡಿಗೆ ಕಟ್ಟಬೇಕಲ್ವಾ.

ಸರ್ಕಾರದ ಪರ ವಾದಿಸುವ ವಕೀಲರಾಗಲು ಅಮೆರಿಕದ ಪೌರತ್ವ ಬೇಕು. ಹಾಗಾಗಿ ಎಲ್‌ಎಲ್‌ಎಂಗೆ ಬಂದವರಿಗೆ ಆ ಬಾಗಿಲು ಸದ್ಯಕ್ಕೆ ಮುಚ್ಚಿದೆ.

ಕ್ಲಿನಿಕ್ ಅಂದರೆ ಯಾವ ಕುರ್ಚಿ?

ಕ್ಲಿನಿಕ್ ಅಂತ ತೀರ್ಮಾನ ಮಾಡಿದರೂ ಮುಗಿಯಲಿಲ್ಲ. ಒಳಗೆ ಹುದ್ದೆಗಳು ಬೇರೆ ಬೇರೆ. ಹೆಸರು ನೋಡಿ ಮೋಸ ಹೋಗಬೇಡಿ.

ಫೆಲೋಶಿಪ್ ಎರಡು ವರ್ಷದ್ದು. ಜಾರ್ಜ್‌ಟೌನ್‌ನದು ಇದರಲ್ಲಿ ಹೆಸರುವಾಸಿ. ಎರಡು ವರ್ಷ ವಿದ್ಯಾರ್ಥಿಗಳ ಮೇಲ್ವಿಚಾರಣೆ ಮಾಡುತ್ತಾ ಕಲಿಸುವುದನ್ನು ಕಲಿಯುತ್ತೀರಿ, ಕೊನೆಗೆ ಎಲ್‌ಎಲ್‌ಎಂ ಪದವಿಯೂ ಸಿಗುತ್ತದೆ. ಸಂಬಳ ಕಡಿಮೆ. ಆದರೆ ಮುಂದೆ ಪ್ರಾಧ್ಯಾಪಕರಾಗಬೇಕು ಅನ್ನುವವರಿಗೆ ಇದೇ ನೇರ ದಾರಿ, ಯಾಕೆಂದರೆ ಲೇಖನ ಬರೆಯಲು ಸಮಯ, ತಿದ್ದಲು ಜನ ಎರಡೂ ಇರುತ್ತದೆ.

ಸ್ಟಾಫ್ ಅಟಾರ್ನಿ, ಸೂಪರ್‌ವೈಸಿಂಗ್ ಅಟಾರ್ನಿ, ಟೀಚಿಂಗ್ ಅಟಾರ್ನಿ, ಕ್ಲಿನಿಕಲ್ ಇನ್‌ಸ್ಟ್ರಕ್ಟರ್ ಈ ಹೆಸರುಗಳು ಒಂದೊಂದು ಕಡೆ ಒಂದೊಂದು ಅರ್ಥ ಕೊಡುತ್ತವೆ. ಸಾಮಾನ್ಯವಾಗಿ ವರ್ಷ ವರ್ಷ ನವೀಕರಣವಾಗುವ ಕೆಲಸ. ಕೆಲವು ಕಡೆ ಇದೂ ಅನುದಾನದ ಮೇಲೆ ನಿಂತಿರುತ್ತದೆ. ವಿಭಾಗದ ಸಭೆಯಲ್ಲಿ ಮತ ಇರುವುದಿಲ್ಲ. ಆದರೆ ಲೇಖನ ಬರೆಯಬೇಕೆಂಬ ಒತ್ತಡವೂ ಇಲ್ಲ, ದಿನವೆಲ್ಲ ಕೇಸು ಮತ್ತು ವಿದ್ಯಾರ್ಥಿಗಳು. ನಾನು ಇರುವುದು ಇಲ್ಲೇ, ನನಗೆ ಇದೇ ಇಷ್ಟ.

ಮೂರನೆಯದು ಕ್ಲಿನಿಕಲ್ ಪ್ರಾಧ್ಯಾಪಕರ ಹುದ್ದೆ. ಅಮೆರಿಕನ್ ಬಾರ್ ಅಸೋಸಿಯೇಶನ್‌ನ 405(ಸಿ) ನಿಯಮದ ಪ್ರಕಾರ ಪೂರ್ಣಾವಧಿ ಕ್ಲಿನಿಕಲ್ ಪ್ರಾಧ್ಯಾಪಕರಿಗೆ ಟೆನ್ಯೂರಿಗೆ (ಕಾಯಂ ಹುದ್ದೆಗೆ) ಹತ್ತಿರವಾದ ಭದ್ರತೆ ಕೊಡಬೇಕು. ಸಂದರ್ಶನದಲ್ಲಿ "ಈ ಹುದ್ದೆ 405(ಸಿ) ಅಡಿ ಬರುತ್ತಾ?" ಅಂತ ಕೇಳಿ. ಆ ಒಂದು ಪ್ರಶ್ನೆಗೆ ಸಿಗುವ ಉತ್ತರದಲ್ಲೇ ಬಹಳಷ್ಟು ತಿಳಿಯುತ್ತದೆ.

ವೀಸಾದ ಲೆಕ್ಕ

ಊರಿಂದ ಬಂದವರು ಇದನ್ನು ಎರಡು ಸಲ ಓದಿ. ಎಲ್‌ಎಲ್‌ಎಂ ಆದಮೇಲೆ ಸಿಗುವ ಒಪಿಟಿ (ಓದು ಮುಗಿಸಿದವರಿಗೆ ಕೆಲಸ ಮಾಡಲು ಸಿಗುವ ಅನುಮತಿ) ಹನ್ನೆರಡು ತಿಂಗಳು ಮಾತ್ರ. ಎಂಜಿನಿಯರ್‌ಗಳಿಗೆ ಸಿಗುವ ಹೆಚ್ಚುವರಿ ಎರಡು ವರ್ಷ ನಮಗಿಲ್ಲ. ಆಮೇಲೆ ಎಚ್-1ಬಿ ಬೇಕು. ಫರ್ಮ್ ಆದರೆ ವರ್ಷಕ್ಕೆ 85,000ದ ಮಿತಿ, ಲಾಟರಿ. ವಿಶ್ವವಿದ್ಯಾಲಯ ಆದರೆ ಆ ಮಿತಿ ಇಲ್ಲ, ವರ್ಷದ ಯಾವ ತಿಂಗಳಲ್ಲಾದರೂ ಅರ್ಜಿ ಹಾಕಬಹುದು. ಕ್ಲಿನಿಕ್ ಕೆಲಸದ ದೊಡ್ಡ ಅನುಕೂಲ ಇದು.

ಇಲ್ಲಿ ಎರಡು ಗುಂಡಿಗಳಿವೆ. ಒಂದು, ಸೇವಾ ಸಂಸ್ಥೆ ಲಾಭಕ್ಕಲ್ಲ ಅಂದಮಾತ್ರಕ್ಕೆ ಈ ವಿನಾಯಿತಿ ಸಿಗುವುದಿಲ್ಲ. ವಿಶ್ವವಿದ್ಯಾಲಯದ ಜೊತೆ ಅಧಿಕೃತ ಸಂಬಂಧ ಇರಬೇಕು. ಇನ್ನೊಂದು, ವಿಶ್ವವಿದ್ಯಾಲಯದ ಎಚ್-1ಬಿಯಿಂದ ಫರ್ಮ್‌ಗೆ ಹೋಗಬೇಕಾದರೆ, ಹಿಂದೆ ಲಾಟರಿಯಲ್ಲಿ ಬಂದಿಲ್ಲದಿದ್ದರೆ, ಆಗ ಲಾಟರಿಗೆ ನಿಲ್ಲಲೇಬೇಕು. 2025ರ ಸೆಪ್ಟೆಂಬರಿನಲ್ಲಿ ಬಂದ 1 ಲಕ್ಷ ಡಾಲರ್ ಶುಲ್ಕದ ಆದೇಶವನ್ನೂ ನೋಡಿಕೊಳ್ಳಿ. ಅದು ಮುಖ್ಯವಾಗಿ ದೇಶದ ಹೊರಗಿರುವವರ ಹೊಸ ಅರ್ಜಿಗಳಿಗೆ. ವಿಶ್ವವಿದ್ಯಾಲಯ ಅನ್ನುವ ಕಾರಣಕ್ಕೆ ವಿನಾಯಿತಿ ಕೊಟ್ಟಿಲ್ಲ. ಹಾಗಾಗಿ ಒಪಿಟಿ ಇರುವಾಗಲೇ, ಇಲ್ಲಿದ್ದುಕೊಂಡೇ ಸ್ಟೇಟಸ್ ಬದಲಿಸುವುದು ಒಳ್ಳೆಯದು. ನೀವು ಅರ್ಜಿ ಹಾಕುವ ದಿನ ನಿಯಮ ಏನಿದೆ ಅಂತ ಮತ್ತೆ ನೋಡಿ.

ಗ್ರೀನ್ ಕಾರ್ಡಿಗೂ ಒಂದು ಮಾತು. ಕಾಲೇಜಿನಲ್ಲಿ ಪಾಠ ಮಾಡುವ ಹುದ್ದೆಗೆ ಪರ್ಮ್‌ನಲ್ಲಿ ಸುಲಭದ ದಾರಿ ಇದೆ, ಆದರೆ ಆಯ್ಕೆಯಾದ 18 ತಿಂಗಳೊಳಗೆ ಅರ್ಜಿ ಹಾಕಬೇಕು. ನಿಮ್ಮ ಹುದ್ದೆಯನ್ನು ವಿಶ್ವವಿದ್ಯಾಲಯ ಬೋಧಕ ಅಂತ ದಾಖಲಿಸುತ್ತದಾ, ಸಿಬ್ಬಂದಿ ಅಂತಲಾ? ಸೇರುವ ಮುಂಚೆಯೇ ಕೇಳಿ.

ಲೈಸೆನ್ಸಿನ ವಿಷಯಕ್ಕೆ ಬಂದರೆ, ಇಮಿಗ್ರೇಶನ್ ಫೆಡರಲ್ ಕಾನೂನು. ಯಾವುದಾದರೂ ಒಂದು ರಾಜ್ಯದ ಬಾರ್ ಸಾಕು, ಯಾವ ಊರಿನ ಇಮಿಗ್ರೇಶನ್ ಕೋರ್ಟಿನಲ್ಲೂ ನಿಲ್ಲಬಹುದು. ಆದರೆ ಮಕ್ಕಳ ಕೇಸಿಗೆ ರಾಜ್ಯದ ಕುಟುಂಬ ಕೋರ್ಟಿಗೂ ಹೋಗಬೇಕಾಗುತ್ತದೆ, ಅದಕ್ಕೇ ಬಹಳ ಕ್ಲಿನಿಕ್‌ಗಳು ತಮ್ಮ ರಾಜ್ಯದ ಲೈಸೆನ್ಸ್ ಕೇಳುತ್ತವೆ. ಇಲ್ಲೇ ಜೆಡಿ (ಅಮೆರಿಕದ ಕಾನೂನು ಪದವಿ) ಓದಿ ಫೆಡರಲ್ ಸಾಲ ಇರುವವರಿಗೆ 2007ರ ಸಾಲ ಮನ್ನಾ ಯೋಜನೆ ಇದೆ. ಸರ್ಕಾರ, ಲಾಭಕ್ಕಲ್ಲದ ಸಂಸ್ಥೆ, ಅಂಥ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡುತ್ತಾ 120 ಕಂತು ಕಟ್ಟಿದರೆ ಉಳಿದದ್ದು ಮನ್ನಾ. ಊರಿನ ಬ್ಯಾಂಕಿನ ಸಾಲಕ್ಕೆ ಇದು ಅನ್ವಯಿಸುವುದಿಲ್ಲ.

ಸಂದರ್ಶನದಲ್ಲಿ ಬಾಯಿಬಿಟ್ಟು ಕೇಳಿ

ನಾನು ಕೇಳದೆ ಪಶ್ಚಾತ್ತಾಪ ಪಟ್ಟ ಪ್ರಶ್ನೆ ಒಂದಿದೆ: ಬೇಸಿಗೆಯಲ್ಲಿ ಕೇಸುಗಳನ್ನು ಯಾರು ನೋಡಿಕೊಳ್ಳುತ್ತಾರೆ? ಮೇ ತಿಂಗಳಲ್ಲಿ ವಿದ್ಯಾರ್ಥಿಗಳು ಪರೀಕ್ಷೆ ಬರೆದು ಹೋಗುತ್ತಾರೆ. ಕೋರ್ಟಿಗೆ ರಜೆ ಇಲ್ಲ. ನನ್ನ ಮೊದಲ ಬೇಸಿಗೆಯಲ್ಲಿ ಹನ್ನೊಂದು ಕೇಸು ನನ್ನೊಬ್ಬಳ ಮೇಜಿಗೆ ಬಂದವು. ಕೆಲವು ಕ್ಲಿನಿಕ್‌ಗಳು ಬೇಸಿಗೆಗೆ ಸಂಬಳ ಕೊಟ್ಟು ವಿದ್ಯಾರ್ಥಿಗಳನ್ನು ಇಟ್ಟುಕೊಳ್ಳುತ್ತವೆ, ಕೆಲವು ಇಲ್ಲ. ನಿಮ್ಮ ಒಪ್ಪಂದ ಒಂಬತ್ತು ತಿಂಗಳದ್ದಾ, ಹನ್ನೆರಡರದ್ದಾ ಅನ್ನುವುದನ್ನೂ ಇದರ ಜೊತೆಗೇ ಕೇಳಿ.

ಒಬ್ಬರಿಗೆ ಎಷ್ಟು ವಿದ್ಯಾರ್ಥಿಗಳು, ಯಾವ ಕೇಸು ತಗೋಬೇಕು ಅಂತ ನಿರ್ಧರಿಸುವವರು ಯಾರು, ದುಡ್ಡು ವಿಶ್ವವಿದ್ಯಾಲಯದ್ದಾ ಅನುದಾನದ್ದಾ, ಇವೂ ಮುಖ್ಯ. ಎಂಟು ವಿದ್ಯಾರ್ಥಿಗಳು ಸರಿಯಾದ ಲೆಕ್ಕ, ಹನ್ನೆರಡಾದರೆ ಡ್ರಾಫ್ಟು ಸರಿಯಾಗಿ ಓದಲು ಆಗುವುದಿಲ್ಲ. ಸಂಬಳ ಕೇಳಲು ಸಂಕೋಚ ಬೇಡ. ನ್ಯೂಯಾರ್ಕ್, ಕ್ಯಾಲಿಫೋರ್ನಿಯಾ, ಕೊಲರಾಡೊಗಳಲ್ಲಿ ಜಾಹೀರಾತಿನಲ್ಲೇ ಸಂಬಳ ಹಾಕಬೇಕೆಂದು ಕಾನೂನಿದೆ.

ಅವರೂ ನಿಮ್ಮನ್ನು ಒಂದು ಪ್ರಶ್ನೆ ಕೇಳೇ ಕೇಳುತ್ತಾರೆ: "ವಿದ್ಯಾರ್ಥಿ ಕೋರ್ಟಿನಲ್ಲಿ ಎಡವಿದರೆ ಏನು ಮಾಡ್ತೀರಿ?" "ನಾನೇ ಎದ್ದು ನಿಲ್ತೀನಿ" ಅಂತ ತಕ್ಷಣ ಹೇಳಿದರೆ ಕೆಲಸ ಸಿಗುವುದು ಕಷ್ಟ. ಇದಕ್ಕೆ ಉತ್ತರ ಹುಡುಕುವಾಗ ನನಗೆ ನೆನಪಾಗುವುದು ಟೋಗೊ ದೇಶದ ಫೌಜಿಯಾ ಕಸಿಂಜಾ ಅವರ ಕೇಸು. ಜನನಾಂಗ ಛೇದನದಿಂದ ತಪ್ಪಿಸಿಕೊಂಡು 17ನೇ ವಯಸ್ಸಿಗೆ ಅಮೆರಿಕಕ್ಕೆ ಬಂದ ಹುಡುಗಿ. 1995ರಲ್ಲಿ ಇಮಿಗ್ರೇಶನ್ ಜಡ್ಜ್ ಮುಂದೆ ಆಕೆಯ ಪರ ನಿಂತದ್ದು ಲೇಲಿ ಮಿಲ್ಲರ್ ಎಂಬ ಕಾನೂನು ವಿದ್ಯಾರ್ಥಿನಿ. ಸೋತರು. ಆಮೇಲೆ ಅಮೆರಿಕನ್ ಯೂನಿವರ್ಸಿಟಿಯ ಕ್ಲಿನಿಕ್‌ನಲ್ಲಿ ಕ್ಯಾರೆನ್ ಮುಸಾಲೊ ಮೇಲ್ಮನವಿ ಕೈಗೆತ್ತಿಕೊಂಡರು. 1996ರ ಜೂನ್ 13ರಂದು ಮೇಲ್ಮನವಿ ಮಂಡಳಿ ಆಶ್ರಯ ಕೊಟ್ಟಿತು. ಅಂಥ ಹಿಂಸೆಯ ಭಯ ಆಶ್ರಯಕ್ಕೆ ಕಾರಣವಾಗಬಹುದು ಎಂದು ಇಡೀ ದೇಶಕ್ಕೆ ಅನ್ವಯವಾಗುವ ತೀರ್ಪು ಅದು. ವಿಮಾನ ನಿಲ್ದಾಣದ ಅಧಿಕಾರಿಗಳು ಹೆಸರನ್ನು ತಪ್ಪಾಗಿ ಬರೆದದ್ದರಿಂದ ಕಾನೂನು ಪುಸ್ತಕದಲ್ಲಿ ಅದು ಇಂದಿಗೂ ಕಸಿಂಗಾ ಕೇಸು. ಸೋತ ಆ ವಿದ್ಯಾರ್ಥಿನಿ 1997ರಲ್ಲಿ ಇಂಥ ಹೆಣ್ಣುಮಕ್ಕಳಿಗಾಗಿಯೇ ತಾಹಿರಿ ಜಸ್ಟಿಸ್ ಸೆಂಟರ್ ಕಟ್ಟಿದರು.

ಇನ್ನೂ ಗೊಂದಲ ಇದ್ದರೆ ಒಂದು ಕೆಲಸ ಮಾಡಿ. ಆಶ್ರಯದ ಪೂರ್ತಿ ವಿಚಾರಣೆ, ಕೋರಿಕೆ ಸಲ್ಲಿಸಿದವರು ಕೇಳಿಕೊಂಡರೆ, ಮುಚ್ಚಿದ ಬಾಗಿಲ ಹಿಂದೆ ನಡೆಯುತ್ತದೆ. ಆದರೆ ಮಾಸ್ಟರ್ ಕ್ಯಾಲೆಂಡರ್ ಅನ್ನುವ, ವಾಯಿದೆ ಕೊಡುವ ಹಿಯರಿಂಗ್‌ಗಳನ್ನು ಸಾಮಾನ್ಯವಾಗಿ ಯಾರು ಬೇಕಾದರೂ ಕೂತು ನೋಡಬಹುದು. ಬೆಳಿಗ್ಗೆ ಎಂಟಕ್ಕೇ ಹೋಗಿ, ಸೆಕ್ಯುರಿಟಿ ಸಾಲು ಉದ್ದ ಇರುತ್ತದೆ. ಹಿಂದಿನ ಬೆಂಚಿನಲ್ಲಿ ಕೂತು ಒಂದು ಬೆಳಿಗ್ಗೆ ಪೂರ್ತಿ ನೋಡಿ. ಒಬ್ಬರೇ ವಕೀಲರು ಎಂಟು ಫೈಲು ಹಿಡಿದು ಒಂದಾದ ಮೇಲೆ ಒಂದು ಕೇಸಿಗೆ ಏಳುವುದು ಕಾಣುತ್ತದೆ. ವಕೀಲರೇ ಇಲ್ಲದೆ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಜಡ್ಜ್ ಮಾತನ್ನು ಹೆಡ್‌ಫೋನಿನಲ್ಲಿ ಕೇಳುವ ತಾಯಿ ಕಾಣುತ್ತಾಳೆ. ಅದೃಷ್ಟ ಇದ್ದರೆ, ಹೊಸ ಕೋಟು ಹಾಕಿದ ಇಬ್ಬರು ವಿದ್ಯಾರ್ಥಿಗಳು ಎದ್ದು ನಿಂತು ನಡುಗುವ ದನಿಯಲ್ಲಿ ತಮ್ಮ ಹೆಸರು ಹೇಳುತ್ತಾರೆ. ಅವರ ಪಕ್ಕದ ಕುರ್ಚಿಯಲ್ಲಿ ಒಬ್ಬರು ಮಾತಾಡದೆ ಕೂತಿರುತ್ತಾರೆ. ಆ ಹೊತ್ತಿನಲ್ಲಿ ನಿಮ್ಮ ಕಣ್ಣು ಯಾರ ಮೇಲೆ ನಿಲ್ಲುತ್ತದೆ ಅಂತ ಗಮನಿಸಿ, ಆಮೇಲೆ ನನಗೆ ಫೋನ್ ಮಾಡಿ.